ತಲಕಾಡು: ಮರಳು, ಶಾಪ, ಶಾಸನ – ಪದೇ ಪದೇ ಕೇಳುವ ಪ್ರಶ್ನೆಗಳು

ತಲಕಾಡಿನ ಮಾತು ತೆಗೆದರೆ ಸಾಕು, ಮದುವೆ ಊಟದಲ್ಲಿ ಪಕ್ಕದ ಎಲೆಗೆ ಕುಳಿತವರಿಂದ ಹಿಡಿದು ಶಾಲಾ ಪ್ರವಾಸಕ್ಕೆ ಮಕ್ಕಳನ್ನು ಕರೆದೊಯ್ಯುವ ಮೇಷ್ಟ್ರವರೆಗೆ ಎಲ್ಲರಿಗೂ ಒಂದಲ್ಲ ಒಂದು ಪ್ರಶ್ನೆ ಇರುತ್ತದೆ. ಪತ್ರದಲ್ಲಿ ಕೇಳಿದವರೂ ಇದ್ದಾರೆ, ದೇವಸ್ಥಾನದ ಜಗಲಿಯಲ್ಲಿ ತಡೆದು ನಿಲ್ಲಿಸಿ ಕೇಳಿದವರೂ ಇದ್ದಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭವಾದವು ಮೊದಲು, ತೊಡಕಿನವು ಆಮೇಲೆ.

## ಮೊದಲ ಸಲ ಹೋಗುವವರಿಗೆ

ತಲಕಾಡು ಎಲ್ಲಿದೆ? ಅಲ್ಲಿ ಮರಳು ಬಿಟ್ಟರೆ ನೋಡುವುದಕ್ಕೆ ಏನಿದೆ?

ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ, ಕಾವೇರಿಯ ಎಡದಂಡೆಯಲ್ಲಿದೆ. ಮೈಸೂರಿನಿಂದ ಸುಮಾರು 45 ಕಿಲೋಮೀಟರ್, ಬೆಂಗಳೂರಿನಿಂದ ಸುಮಾರು 130 ಕಿಲೋಮೀಟರ್. ಕಪಿಲೆಯು ಕಾವೇರಿಗೆ ಸೇರುವ ತಿರುಮಕೂಡಲು ದಾಟಿ ಹೊಳೆಯ ಜೊತೆಯಲ್ಲೇ ಕೆಳಗೆ ಬಂದರೆ ಸಿಗುವ ಊರು ಇದು.

ಊರಿನ ಅಂಚಿನಲ್ಲಿ ವೈದ್ಯನಾಥೇಶ್ವರ ದೇವಾಲಯವಿದೆ. ಇಲ್ಲಿನ ಗುಡಿಗಳಲ್ಲಿ ಇದೇ ದೊಡ್ಡದು. ಮರಳು ನುಂಗದೆ ಬಿಟ್ಟ ಪುಣ್ಯವೂ ಇದಕ್ಕೆ ಸಿಕ್ಕಿದೆ. ಅಲ್ಲಿಂದ ಮರಳ ದಿಬ್ಬಗಳ ನಡುವಿನ ದಾರಿ ಹಿಡಿದರೆ ಪಾತಾಳೇಶ್ವರ, ಮರಳೇಶ್ವರ, ಕೀರ್ತಿನಾರಾಯಣ ಗುಡಿಗಳು ಒಂದೊಂದಾಗಿ ಸಿಗುತ್ತವೆ. ಬೇರೆ ಊರುಗಳಲ್ಲಿ ದೇವರನ್ನು ನೋಡಲು ಮೆಟ್ಟಿಲು ಹತ್ತುತ್ತೇವೆ. ಇಲ್ಲಿ ಮೆಟ್ಟಿಲು ಇಳಿಯುತ್ತೇವೆ. ಮೊದಲ ಸಲ ಇಳಿಯುವಾಗ ಆಗುವ ಅನುಭವವನ್ನು ನಾನು ಇಷ್ಟು ವರ್ಷಗಳಾದರೂ ಮರೆತಿಲ್ಲ: ಮರದ ಬೇರುಗಳು ತಲೆಯ ಮಟ್ಟಕ್ಕೆ ಬರುತ್ತವೆ, ಗಾಳಿಯ ಸದ್ದು ನಿಂತುಬಿಡುತ್ತದೆ.

ಬೆಳಗ್ಗೆಯೇ ಹೋಗಿ. ಮಧ್ಯಾಹ್ನದ ಮರಳು ಬರಿಗಾಲನ್ನು ಸುಡುತ್ತದೆ.

ಪಕ್ಕದಲ್ಲೇ ಹೊಳೆ ತುಂಬಿ ಹರಿಯುತ್ತಿದೆ. ಇದನ್ನು ಮರುಭೂಮಿ ಎನ್ನುವುದು ಸರಿಯೇ?

ಸರಿಯಲ್ಲ. ಮಳೆ ಇಲ್ಲದೆ ಆದ ಮರಳುಗಾಡು ಇದಲ್ಲ. ಸುತ್ತಲೂ ನಾಲೆ ನೀರಿನ ಭತ್ತದ ಗದ್ದೆಗಳಿವೆ. ಇಲ್ಲಿರುವುದು ಕಾವೇರಿಯೇ ತಂದು ಹಾಕಿದ ಹೊಳೆಮರಳು, ಅದನ್ನು ಊರಿನ ಮೇಲೆ ಹೊತ್ತು ತಂದದ್ದು ಗಾಳಿ.

ಮಕ್ಕಳಿದ್ದಾರೆ, ಹೊಳೆಗೆ ಇಳಿಸಬಹುದೇ?

ಅಂಚಿನಲ್ಲಿ ಕಾಲು ತೊಳೆಸಿ, ಅಷ್ಟೇ ಸಾಕು. ನೋಡುವುದಕ್ಕೆ ನೀರು ಮೊಣಕಾಲಷ್ಟೇ ಕಾಣುತ್ತದೆ, ಎರಡು ಹೆಜ್ಜೆ ಮುಂದೆ ತಳವೇ ಸಿಗುವುದಿಲ್ಲ. ಈಜು ಬಲ್ಲವರನ್ನೂ ಈ ತಿರುವಿನ ಸುಳಿ ಎಳೆದುಕೊಂಡು ಹೋಗಿದೆ. ಊರಿನವರು 'ಅಲ್ಲಿ ಬೇಡ' ಎಂದ ಕಡೆ ದಯವಿಟ್ಟು ಇಳಿಯಬೇಡಿ.

## ಕ್ಷೇತ್ರದ ಕಥೆಗಳು

ತಲ, ಕಾಡ ಎಂಬ ಇಬ್ಬರು ಬೇಡರಿಂದ ಊರಿಗೆ ಹೆಸರು ಬಂತು ಎನ್ನುತ್ತಾರೆ. ಹೌದೇ?

ಸ್ಥಳಪುರಾಣ ಹೇಳುವುದು ಹಾಗೆಯೇ. ಸೋಮದತ್ತನೆಂಬ ಋಷಿ ಶಿಷ್ಯರೊಡನೆ ತಪಸ್ಸಿಗೆ ಹೊರಟಾಗ ಕಾಡಾನೆಗಳು ಅವರನ್ನು ಕೊಂದವು. ಅವರೆಲ್ಲ ಇದೇ ಕಾಡಿನಲ್ಲಿ ಆನೆಗಳಾಗಿ ಹುಟ್ಟಿದರು. ಹಿಂದಿನ ಜನ್ಮದ ಭಕ್ತಿ ಬಿಡಲಿಲ್ಲ. ದಿನವೂ ಹೊಳೆಯಲ್ಲಿ ಮಿಂದು ಒಂದು ಬೂರುಗದ ಮರಕ್ಕೆ ಪೂಜೆ ಸಲ್ಲಿಸುತ್ತಿದ್ದರು. ತಲ, ಕಾಡ ಎಂಬ ಬೇಡ ಸಹೋದರರು ಇದನ್ನು ಕಂಡು, ಮರದೊಳಗೆ ಏನಿದೆ ಎಂದು ಕೊಡಲಿ ಹಾಕಿದರು. ಮರದಿಂದ ರಕ್ತ ಚಿಮ್ಮಿತು. ಬೆದರಿ ನಿಂತ ಅವರಿಗೆ ಅದೇ ಮರದ ಎಲೆ, ಕಾಯಿಗಳಿಂದ ಗಾಯಕ್ಕೆ ಮದ್ದು ಕಟ್ಟಿ ಎಂಬ ಅಶರೀರವಾಣಿ ಕೇಳಿಸಿತು. ಕಟ್ಟಿದಾಗ ರಕ್ತ ಹಾಲಾಯಿತು. ಅದನ್ನು ಕುಡಿದ ಬೇಡರಿಗೂ ಆನೆಗಳಿಗೂ ಮೋಕ್ಷವಾಯಿತು. ತನ್ನ ಗಾಯಕ್ಕೆ ತಾನೇ ಮದ್ದು ಹೇಳಿಕೊಟ್ಟದ್ದರಿಂದ ಇಲ್ಲಿನ ಶಿವ ವೈದ್ಯನಾಥ. ಆನೆಗಳು ಪೂಜಿಸಿದ್ದರಿಂದ ಕ್ಷೇತ್ರಕ್ಕೆ ಗಜಾರಣ್ಯ ಎಂಬ ಹೆಸರು. ವೈದ್ಯನಾಥೇಶ್ವರ ಗುಡಿಯ ಮುಂದಿರುವ ಎರಡು ಕಲ್ಲಿನ ಮೂರ್ತಿಗಳನ್ನು ತಲ ಮತ್ತು ಕಾಡ ಎಂದು ತೋರಿಸುತ್ತಾರೆ.

ಹೆಸರಿನ ವಿಚಾರಕ್ಕೆ ಬಂದರೆ, ಊರಿನ ಹೆಸರು ಮೊದಲು ಹುಟ್ಟಿತು, ಅದನ್ನು ಎರಡಾಗಿ ಒಡೆದು ಅಣ್ಣತಮ್ಮಂದಿರನ್ನು ಮಾಡಿದ್ದು ಆಮೇಲೆ ಎಂದೇ ನನಗೆ ತೋರುತ್ತದೆ. ಶಾಸನಗಳಲ್ಲಿ ತಳಕಾಡು, ತಳವನಪುರ, ದಳವನಪುರ ಎಂಬ ರೂಪಗಳು ಸಿಗುತ್ತವೆ. ಕಾಡು 'ವನ'ವಾಗಿದೆ ಎಂದರೆ, ಬರೆದವರಿಗೆ ಅದು ಮನುಷ್ಯನ ಹೆಸರಾಗಿ ಕೇಳಿಸಿರಲಿಲ್ಲ. ಹಾಗೆಂದು ಕಥೆಯನ್ನು ಕೆಳಗಿಡಲು ನನಗೆ ಮನಸ್ಸಿಲ್ಲ. ಕೊಡಲಿ ಎತ್ತಿದ ಕೈಯಿಂದಲೇ ದೇವರು ಮದ್ದು ಕಟ್ಟಿಸಿಕೊಂಡ ಎನ್ನುವ ಕಲ್ಪನೆ ಎಷ್ಟು ದೊಡ್ಡದು! ಕಾಯಿಲೆಯವರು ಈ ಬಾಗಿಲಿಗೆ ಬರುತ್ತಿರುವುದು ಆ ನಂಬಿಕೆಯಿಂದಲೇ.

ಪಂಚಲಿಂಗಗಳು ಯಾವುವು? ಐದೂ ಊರೊಳಗೇ ಇವೆಯೇ?

ವೈದ್ಯನಾಥೇಶ್ವರ, ಪಾತಾಳೇಶ್ವರ, ಮರಳೇಶ್ವರ, ಅರ್ಕೇಶ್ವರ, ಮಲ್ಲಿಕಾರ್ಜುನ. ಮೊದಲ ಮೂರು ತಲಕಾಡಿನಲ್ಲೇ ಇವೆ. ಅರ್ಕೇಶ್ವರ ಹತ್ತಿರದ ವಿಜಯಪುರದಲ್ಲಿದೆ. ಮಲ್ಲಿಕಾರ್ಜುನ ಇರುವುದು ಮುಡುಕುತೊರೆಯ ಬೆಟ್ಟದ ಮೇಲೆ. ಅಲ್ಲಿನ ಜಾತ್ರೆ, ದನಗಳ ಪರಿಷೆ ಈ ಸೀಮೆಯ ರೈತರಿಗೆ ಚಿರಪರಿಚಿತ. ಸಂಪ್ರದಾಯದ ಪ್ರಕಾರ ತಲಕಾಡಿನಲ್ಲೇ ಇರುವ ಗೋಕರ್ಣ ತೀರ್ಥದಲ್ಲಿ ಮಿಂದು ವೈದ್ಯನಾಥನನ್ನು ನೋಡಿ, ಕಾವೇರಿಯ ನಾಲ್ಕು ದಿಕ್ಕಿನ ಹರಿವಿನಲ್ಲೂ ಸ್ನಾನ ಮಾಡಿ, ಉಳಿದ ನಾಲ್ಕು ಲಿಂಗಗಳ ದರ್ಶನ ಮುಗಿಸಬೇಕು. ಪ್ರತಿ ದರ್ಶನದ ನಂತರ ವೈದ್ಯನಾಥನ ಬಳಿಗೆ ಮರಳಿ ಬರಬೇಕು. ಎಲ್ಲವೂ ಒಂದೇ ದಿನದಲ್ಲಿ ಆಗಬೇಕು. ವಯಸ್ಸಾದವರು ಇದನ್ನು ಪೂರೈಸಿದಾಗ ಅವರ ಮುಖ ನೋಡಬೇಕು.

ಪಂಚಲಿಂಗ ದರ್ಶನ ಹನ್ನೆರಡು ವರ್ಷಕ್ಕೊಮ್ಮೆ ಎಂದು ಕೇಳಿದ್ದೆವು. ಆದರೆ 2006 ಆದ ಮೇಲೆ 2009ರಲ್ಲೇ ಮತ್ತೆ ನಡೆಯಿತಲ್ಲ?

ಹನ್ನೆರಡು ವರ್ಷ ಎನ್ನುವುದು ಬಾಯಿಮಾತಿನ ಲೆಕ್ಕ. ದರ್ಶನವನ್ನು ನಿರ್ಧರಿಸುವುದು ಪಂಚಾಂಗ. ಕಾರ್ತಿಕ ಮಾಸದ ಅಮಾವಾಸ್ಯೆ ಸೋಮವಾರವೇ ಬರಬೇಕು, ಸೂರ್ಯ ಚಂದ್ರರಿಬ್ಬರೂ ವೃಶ್ಚಿಕ ರಾಶಿಯಲ್ಲಿರಬೇಕು. ಕುಹೂ ಯೋಗ, ವಿಶಾಖಾ ನಕ್ಷತ್ರಗಳ ಮಾತನ್ನೂ ಜೋಯಿಸರು ಸೇರಿಸುತ್ತಾರೆ. ವಾರಕ್ಕೂ ತಿಥಿಗೂ ನಂಟಿಲ್ಲದ ಕಾರಣ ಇಂಥ ಸೋಮವಾರ ಯಾವಾಗ ಕೂಡಿಬರುತ್ತದೆ ಎನ್ನುವುದಕ್ಕೆ ಸಮನಾದ ಅಂತರ ಇರುವುದಿಲ್ಲ. ಈಚಿನ ದರ್ಶನಗಳನ್ನೇ ನೋಡಿ: 1993, 2006, 2009, 2013, 2020. ನಡುವಿನ ಅಂತರ 13, 3, 4, 7 ವರ್ಷ. 2020ರ ಡಿಸೆಂಬರ್ 14ರ ದರ್ಶನ ಕೊರೊನಾ ನಿರ್ಬಂಧಗಳ ನಡುವೆ ನಡೆಯಿತು. ಬರಬೇಕೆಂದಿದ್ದ ಎಷ್ಟೋ ಹಿರಿಯರು ಮನೆಯಲ್ಲೇ ಕೈ ಮುಗಿದರು.

ಮರಳೇಶ್ವರನೋ ಮರುಳೇಶ್ವರನೋ? ಒಂದೊಂದು ಕಡೆ ಒಂದೊಂದು ಬರೆದಿದ್ದಾರೆ.

ಎರಡೂ ಬಳಕೆಯಲ್ಲಿವೆ. ಸಂಸ್ಕೃತದಲ್ಲಿ ಈ ದೇವರನ್ನು ಸೈಕತೇಶ್ವರ ಎನ್ನುತ್ತಾರೆ. ಸೈಕತ ಎಂದರೆ ಮರಳು. ಆದ್ದರಿಂದ 'ಮರಳೇಶ್ವರ' ಎನ್ನುವುದೇ ಅರ್ಥಕ್ಕೆ ಹತ್ತಿರ. ಆದರೆ ಮರುಳು ಹಿಡಿದವನಂತೆ ಸ್ಮಶಾನದಲ್ಲಿ ಕುಣಿಯುವ ಶಿವನಿಗೆ 'ಮರುಳೇಶ್ವರ' ಎಂಬ ಹೆಸರೂ ಒಪ್ಪುತ್ತದೆ. ಪಾತಾಳೇಶ್ವರನಿಗೂ ವಾಸುಕೀಶ್ವರ ಎಂಬ ಇನ್ನೊಂದು ಹೆಸರಿದೆ. ಆ ಲಿಂಗ ಬೆಳಗ್ಗೆ ಕೆಂಪು, ಮಧ್ಯಾಹ್ನ ಕಪ್ಪು, ಸಂಜೆ ಬಿಳಿ ಕಾಣುತ್ತದೆ ಎಂದು ಭಕ್ತರು ಹೇಳುತ್ತಾರೆ.

## ಅರಸರು, ಶಾಸನಗಳು

ಗಂಗರು ಕೋಲಾರದಲ್ಲಿದ್ದವರು. ತಲಕಾಡಿಗೆ ಏಕೆ ಬಂದರು?

ಗಂಗರ ಮೊದಲ ರಾಜಧಾನಿ ಕುವಲಾಲ, ಅಂದರೆ ಇಂದಿನ ಕೋಲಾರ. ಸುಮಾರು 5ನೆಯ ಶತಮಾನದಲ್ಲಿ ಹರಿವರ್ಮನ ಕಾಲಕ್ಕೆ ರಾಜಧಾನಿ ತಲಕಾಡಿಗೆ ಬಂತು. ಕಾರಣ ತಿಳಿಯಲು ಎರಡು ಊರುಗಳ ನೆಲವನ್ನು ಒಮ್ಮೆ ನೋಡಿದರೆ ಸಾಕು. ಕೋಲಾರದಲ್ಲಿ ಮಳೆಯನ್ನು ಕೆರೆಯಲ್ಲಿ ಹಿಡಿದಿಟ್ಟು ಬದುಕಬೇಕು. ತಲಕಾಡಿನಲ್ಲಿ ಕಾವೇರಿ ಬಾಗಿಲಲ್ಲೇ ಇದ್ದಾಳೆ. ಊರನ್ನು ಬಳಸಿ ಹರಿಯುವ ಹೊಳೆ ಕೋಟೆಗೆ ಕಂದಕವೂ ಆಗುತ್ತದೆ. ಮುಂದೆ ನೆಲಮಂಗಲದ ಬಳಿಯ ಮಣ್ಣೆಯೂ ಅವರ ರಾಜಧಾನಿಯಾಯಿತು, ಆದರೆ ಗಂಗರ ಹೆಸರಿಗೆ ಅಂಟಿಕೊಂಡದ್ದು ತಲಕಾಡೇ. ದುರ್ವಿನೀತ, ಶ್ರೀಪುರುಷ, ಇಮ್ಮಡಿ ಬೂತುಗ, ಮಾರಸಿಂಹ, ರಾಚಮಲ್ಲ ಇವರೆಲ್ಲ ಈ ಮನೆತನದವರು. ರಾಚಮಲ್ಲನ ಮಂತ್ರಿ ಚಾವುಂಡರಾಯ ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ.

ಗಂಗರ ಲಾಂಛನ ಆನೆ. ಗಜಾರಣ್ಯದ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಯಾವುದು ಯಾವುದರಿಂದ ಹುಟ್ಟಿತು ಎಂದು ನಾನು ವಾದಿಸುವುದಿಲ್ಲ. ಆನೆಗಳು ತುಂಬಿದ್ದ ಕಾಡಂಚಿನ ರಾಜಧಾನಿಯಲ್ಲಿ ಅರಸನ ಮುದ್ರೆಗೂ ಆನೆ ಬಂತು, ಗುಡಿಯ ಕಥೆಗೂ ಆನೆ ಬಂತು.

ಚೋಳರು ಊರಿನ ಹೆಸರನ್ನೇ ಬದಲಿಸಿದ್ದರಂತೆ?

ಹೌದು. ಸುಮಾರು 1004ರಲ್ಲಿ, ಒಂದನೆಯ ರಾಜರಾಜನ ಕಾಲದಲ್ಲಿ, ಚೋಳರು ತಲಕಾಡನ್ನು ಗೆದ್ದು ರಾಜರಾಜಪುರ ಎಂದು ಕರೆದರು. ಗಂಗರ ಆಳ್ವಿಕೆ ಅಲ್ಲಿಗೆ ಮುಗಿಯಿತು. ಮುಂದಿನ ನೂರಕ್ಕೂ ಹೆಚ್ಚು ವರ್ಷ ಊರು ಚೋಳರ ಕೈಯಲ್ಲಿತ್ತು. ಇಲ್ಲಿ ತಮಿಳು ಶಾಸನಗಳು ಸಿಗುವುದಕ್ಕೆ ಅದೇ ಕಾರಣ. ಕೆಲವರು ಅವುಗಳನ್ನು ಕಂಡು ಮುಖ ಗಂಟಿಕ್ಕುತ್ತಾರೆ. ನನಗಂತೂ ಅವು ಈ ನೆಲದ್ದೇ ದಾಖಲೆ. ಇಲ್ಲಿನ ದೇವರಿಗೆ ದೀಪ, ನೈವೇದ್ಯ ಸಂದದ್ದನ್ನು ಯಾವ ಲಿಪಿಯಲ್ಲಿ ಬರೆದರೂ ಓದಿಕೊಳ್ಳಬೇಕು. ಅಧಿಕಾರದ ಹೆಸರು ಉಳಿಯಲಿಲ್ಲ, ಜನರ ಬಾಯಲ್ಲಿದ್ದ ತಲಕಾಡು ಉಳಿಯಿತು.

ವಿಷ್ಣುವರ್ಧನ 'ತಲಕಾಡುಗೊಂಡ' ಎಂದು ಅಷ್ಟೊಂದು ಹೆಮ್ಮೆಪಟ್ಟದ್ದೇಕೆ? ಶಿವನ ಊರಿನಲ್ಲಿ ನಾರಾಯಣನ ಗುಡಿ ಕಟ್ಟಿಸಿದ್ದೇಕೆ?

1116ರಲ್ಲಿ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಇಲ್ಲಿದ್ದ ಚೋಳರ ಸಾಮಂತ ಆದಿಯಮನನ್ನು ಸೋಲಿಸಿದ. ಮಲೆನಾಡಿನ ಅಂಚಿನಲ್ಲಿ ಬೆಳೆದ ಮನೆತನಕ್ಕೆ ಒಂದೇ ಯುದ್ಧದಿಂದ ಗಂಗವಾಡಿಯ ಬಯಲೂ ಕಾವೇರಿಯ ಕಣಿವೆಯೂ ದಕ್ಕಿದವು. ಚೋಳರಂಥ ಬಲಶಾಲಿಗಳನ್ನು ಹಿಂದಕ್ಕೆ ತಳ್ಳಿದ ಗೆಲುವು ಅದು. ಅದಕ್ಕೇ 'ತಲಕಾಡುಗೊಂಡ' ಎಂಬ ಬಿರುದನ್ನು ಅವನು ಶಾಸನಗಳಲ್ಲಿ ಕೆತ್ತಿಸಿದ್ದಷ್ಟೇ ಅಲ್ಲದೆ ಚಿನ್ನದ ನಾಣ್ಯದ ಮೇಲೂ ಕನ್ನಡ ಅಕ್ಷರಗಳಲ್ಲಿ ಅಚ್ಚೊತ್ತಿಸಿದ. ಒಂದು ಊರನ್ನು ಗೆದ್ದದ್ದು ನಾಣ್ಯದ ಮೇಲೆ ಬಂತು ಎಂದರೆ ಆ ಊರಿನ ತೂಕ ಎಷ್ಟಿತ್ತೆಂದು ನೀವೇ ಊಹಿಸಿ.

ಆ ವಿಜಯದ ನೆನಪಿಗೆ 1117ರಲ್ಲಿ ಕೀರ್ತಿನಾರಾಯಣ ದೇವಾಲಯ ಎದ್ದಿತು. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯೂ ಅದೇ ವರ್ಷದ್ದು. ಬೇಲೂರು, ತಲಕಾಡು, ಮೇಲುಕೋಟೆ, ತೊಣ್ಣೂರು, ಗದಗಗಳ ನಾರಾಯಣರನ್ನು ಸೇರಿಸಿ ಪಂಚನಾರಾಯಣ ಎನ್ನುವುದುಂಟು. ಇದನ್ನು ರಾಮಾನುಜಾಚಾರ್ಯರ ಹೆಸರಿನೊಂದಿಗೆ ಬೆಸೆಯುವ ಐತಿಹ್ಯವೂ ಇದೆ. ಗೆದ್ದುಕೊಟ್ಟ ಗಂಗರಾಜ ಜೈನ, ಗುಡಿ ವಿಷ್ಣುವಿನದು, ಊರು ಶಿವನದು. ವೈದ್ಯನಾಥನ ಪೂಜೆಗೆ ಇದರಿಂದ ಕುಂದು ಬರಲಿಲ್ಲ. ಆ ಗುಡಿಯ ಗೋಡೆಗಳಲ್ಲಿ ಹಲವು ಕಾಲದವರ ಕೈ ಸೇರಿದೆ, ವಿಜಯನಗರದ ಕಾಲದವರೂ ಅದನ್ನು ಬೆಳೆಸಿದ್ದಾರೆ.

## ಶಾಪ ಮತ್ತು ಹೊಳೆ

ಅಲಮೇಲಮ್ಮ ಯಾರು? ಅಜ್ಜಿ ಕಥೆ ಹೇಳುತ್ತಿದ್ದರು, ಈಗ ಶಾಪದ ಸಾಲು ಮಾತ್ರ ನೆನಪಿದೆ.

ಶ್ರೀರಂಗಪಟ್ಟಣದಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಯನ ಹೆಂಡತಿ. ಕಥೆಯಲ್ಲಿ ಅವನನ್ನು ಶ್ರೀರಂಗರಾಯ ಎಂದೂ ಕರೆಯುತ್ತಾರೆ. ಅವನಿಗೆ ಬೆನ್ನುಹುಣ್ಣು ಆಯಿತು. ವೈದ್ಯರ ಕೈಯಲ್ಲಿ ವಾಸಿಯಾಗದ್ದು ವೈದ್ಯನಾಥನಿಂದ ಆದೀತು ಎಂದು ತಲಕಾಡಿಗೆ ಬಂದ, ಇಲ್ಲೇ ತೀರಿಕೊಂಡ. 1610ರಲ್ಲಿ ಶ್ರೀರಂಗಪಟ್ಟಣ ಮೈಸೂರಿನ ರಾಜ ಒಡೆಯರ ವಶವಾಯಿತು. ಅಲಮೇಲಮ್ಮ ಒಡವೆಗಳೊಂದಿಗೆ ಹೊಳೆಯಾಚೆಯ ಮಾಲಂಗಿಯಲ್ಲಿ ಉಳಿದಳು. ಅವಳ ಆಭರಣಗಳನ್ನು ಶ್ರೀರಂಗಪಟ್ಟಣದ ರಂಗನಾಯಕಿ ಅಮ್ಮನವರಿಗೆ ಮಂಗಳವಾರ, ಶುಕ್ರವಾರ ತೊಡಿಸುವ ವಾಡಿಕೆಯಿತ್ತು. ಅವು ದೇವರ ಒಡವೆ, ಹಿಂದಿರುಗಿಸಬೇಕು ಎಂದು ಅರಸರಿಂದ ಹೇಳಿಕೆ ಬಂತು. ಅವಳು ಮುತ್ತಿನ ಮೂಗುತಿಯನ್ನಷ್ಟೇ ಕಳುಹಿಸಿದಳು. ಆಳುಗಳು ಬೆನ್ನಟ್ಟಿ ಬಂದಾಗ ಉಳಿದ ಒಡವೆಗಳನ್ನು ಮಡಿಲಲ್ಲಿ ಕಟ್ಟಿಕೊಂಡು ಕಾವೇರಿಗೆ ಹಾರಿದಳು. ಹಾರುವ ಮುನ್ನ ಆಡಿದ ಮಾತು:

ತಲಕಾಡು ಮರಳಾಗಲಿ,
ಮಾಲಂಗಿ ಮಡುವಾಗಲಿ,
ಮೈಸೂರು ದೊರೆಗೆ ಮಕ್ಕಳಾಗದಿರಲಿ.

ನೊಂದ ರಾಜ ಒಡೆಯರು ಅವಳ ಮೂರ್ತಿ ಮಾಡಿಸಿ ಪೂಜೆಗೆ ಇಟ್ಟರು ಎನ್ನುತ್ತಾರೆ. ಮೈಸೂರು ಅರಮನೆಯಲ್ಲಿ ಅಲಮೇಲಮ್ಮನಿಗೆ ಇಂದಿಗೂ ಪೂಜೆ ಸಲ್ಲುತ್ತದೆ.

ಮೈಸೂರು ಅರಸರಿಗೆ ಮಕ್ಕಳೇ ಆಗಲಿಲ್ಲ ತಾನೇ? ಶಾಪ ಫಲಿಸಿತು ಎನ್ನಲು ಇಷ್ಟು ಸಾಲದೇ?

ವಂಶಾವಳಿಯನ್ನು ನಿಧಾನವಾಗಿ ಓದಿದರೆ ಚಿತ್ರ ಅಷ್ಟು ಸರಳವಾಗಿಲ್ಲ. ಚಿಕ್ಕದೇವರಾಜ ಒಡೆಯರಿಗೆ ಮಗನಿದ್ದ, ಆ ಮಗನಿಗೂ ಮಗನಿದ್ದ, ಇಬ್ಬರೂ ಪಟ್ಟವೇರಿದರು. ಇಮ್ಮಡಿ ಕೃಷ್ಣರಾಜ ಒಡೆಯರ ಇಬ್ಬರು ಮಕ್ಕಳು ಗದ್ದುಗೆಯಲ್ಲಿ ಕುಳಿತರು.

ಜನರ ನೆನಪಿನಲ್ಲಿ ಗಟ್ಟಿಯಾಗಿ ನಿಂತಿರುವುದು ಆಮೇಲಿನ ಕಾಲ. ಮುಮ್ಮಡಿ ಕೃಷ್ಣರಾಜ ಒಡೆಯರು ಚಾಮರಾಜ ಒಡೆಯರನ್ನು ದತ್ತು ಪಡೆದರು. ಚಾಮರಾಜರಿಗೆ ಗಂಡುಮಕ್ಕಳಾದರು. ಅವರಲ್ಲಿ ಹಿರಿಯರಾದ ನಾಲ್ವಡಿಯವರಿಗೆ ಮಕ್ಕಳಿಲ್ಲದೆ ತಮ್ಮನ ಮಗ ಜಯಚಾಮರಾಜರು ಪಟ್ಟಕ್ಕೆ ಬಂದರು. ಅವರಿಗೆ ಮಗ ಹುಟ್ಟಿದರು, ಶ್ರೀಕಂಠದತ್ತ ನರಸಿಂಹರಾಜ ಒಡೆಯರ್. ಅವರಿಗೆ ಮಕ್ಕಳಿರಲಿಲ್ಲ. 2015ರಲ್ಲಿ ದತ್ತು ಬಂದ ಯದುವೀರರಿಗೆ 2017ರಲ್ಲಿ ಮಗ ಹುಟ್ಟಿದಾಗ 'ಶಾಪ ವಿಮೋಚನೆ' ಎಂದು ಸುದ್ದಿಯಾಯಿತು. ಒಂದು ತಲೆಮಾರು ಬಿಟ್ಟು ಒಂದು ತಲೆಮಾರು ಎಂಬಂತೆ ನಡೆದ ಈ ಸರಣಿ ಅಚ್ಚರಿಯದ್ದೇ. ಆದರೆ ಮಕ್ಕಳಾಗದ ನೋವು ಒಂದು ಮನೆಯ ಒಳಗಿನ ನೋವು. ಅದನ್ನು ಶಾಪದ ಸಾಕ್ಷಿಯಾಗಿ ಊರೆಲ್ಲ ಆಡಿಕೊಳ್ಳುವುದು ನನಗೆ ಎಂದೂ ಹಿಡಿಸಿಲ್ಲ.

ಶಾಪದಿಂದಲ್ಲ ಎನ್ನುವುದಾದರೆ ಇಷ್ಟೊಂದು ಮರಳು ಬಂದದ್ದು ಹೇಗೆ?

ಇದಕ್ಕೆ ಹೊಳೆಯನ್ನೇ ಕೇಳಬೇಕು. ತಲಕಾಡಿನ ಬಳಿ ಕಾವೇರಿ ದೊಡ್ಡದಾಗಿ ತಿರುಗುತ್ತಾಳೆ. ಯಾವ ಹೊಳೆಯಾದರೂ ತಿರುವಿನ ಒಳಬದಿಯಲ್ಲಿ ನಿಧಾನವಾಗಿ ಮರಳನ್ನು ಕೆಳಗಿಳಿಸುತ್ತದೆ, ಹೊರಬದಿಯಲ್ಲಿ ರಭಸದಿಂದ ದಡ ಕೊರೆದು ಆಳ ಮಾಡುತ್ತದೆ. ಈಚೆ ಮರಳು, ಆಚೆ ಮಡು. ಶಾಪದ ಮೊದಲ ಎರಡು ಸಾಲುಗಳು ಹೇಳುವುದೂ ಇದನ್ನೇ! ನೆಲವನ್ನು ಚೆನ್ನಾಗಿ ನೋಡಿದ್ದ ಯಾರೋ ಕಟ್ಟಿದ ಮಾತು ಅದು.

ಆದರೆ ತಿರುವು ಗಂಗರ ಕಾಲದಲ್ಲೂ ಇದ್ದಿರಬೇಕಲ್ಲ, ಆಗ ಊರು ಏಕೆ ಮುಳುಗಲಿಲ್ಲ? ಇಲ್ಲಿ ಮಾಧವಮಂತ್ರಿ ಅಣೆಕಟ್ಟೆಯ ಮಾತು ಬರುತ್ತದೆ. ತಲಕಾಡಿಗಿಂತ ಮೇಲೆ, ಹೊಳೆಗೆ ಅಡ್ಡವಾಗಿ ಕಟ್ಟಿದ ಈ ಕಟ್ಟೆ 14ನೆಯ ಶತಮಾನದ್ದು, ವಿಜಯನಗರದ ಮಾಧವಮಂತ್ರಿ ಕಟ್ಟಿಸಿದ್ದು ಎಂಬುದು ಪ್ರತೀತಿ. ಕಟ್ಟೆ ನೀರನ್ನು ನಾಲೆಗೆ ತಿರುಗಿಸಿತು. ಕೆಳಗೆ ಹರಿವು ಕುಗ್ಗಿದಾಗ ಹಿಂದೆ ನೀರಿನಡಿ ಇದ್ದ ಮರಳು ಬಿಸಿಲಿಗೆ ಬಂತು. ಒಣಗಿದ ಮರಳನ್ನು ನೈಋತ್ಯ ಮಾರುತ ಎತ್ತಿ ದಂಡೆಯ ಮೇಲಿನ ಊರಿಗೆ ಸುರಿಯಿತು. ಸಂಶೋಧಕರಲ್ಲಿ ಹಲವರು ಒಪ್ಪುವ ವಿವರಣೆ ಇದು. ನೆಲದಾಳದ ಚಲನೆಯಿಂದ ಹೊಳೆಯ ಜಾಡು ಬದಲಾದದ್ದೂ ಸೇರಿರಬಹುದು ಎನ್ನುವ ಭೂವಿಜ್ಞಾನಿಗಳೂ ಇದ್ದಾರೆ.

ಅಣೆಕಟ್ಟೆಯ ಪ್ರತೀತಿಯನ್ನು ಒಪ್ಪಿದರೆ ಮರಳಿನ ಕೆಲಸ ಶಾಪಕ್ಕಿಂತ ಎರಡು ಶತಮಾನಕ್ಕೂ ಮೊದಲೇ ಶುರುವಾಗಿರುತ್ತದೆ. ಅದು ಒಂದೇ ರಾತ್ರಿಯಲ್ಲಿ ಆದ ದುರಂತವೂ ಅಲ್ಲ. 19ನೆಯ ಶತಮಾನದ ಮೈಸೂರು ಗೆಜೆಟಿಯರ್ ಪ್ರಕಾರ ದಿಬ್ಬಗಳು ವರ್ಷಕ್ಕೆ 9–10 ಅಡಿ ಊರಿನತ್ತ ಸರಿಯುತ್ತಿದ್ದವು, ಜನ ಮನೆ ಬಿಟ್ಟು ಹಿಂದೆ ಹಿಂದೆ ಹೋಗುತ್ತಿದ್ದರು. ಮುಂಗಾರು ಬಂತೆಂದರೆ ಹಿತ್ತಿಲ ಗೋಡೆಯವರೆಗೆ ಮರಳು, ಮರುವರ್ಷ ಜಗಲಿಯವರೆಗೆ, ಆಮೇಲೆ ಗಂಟುಮೂಟೆ ಕಟ್ಟುವುದು. ಇದನ್ನು ತಲೆಮಾರುಗಟ್ಟಲೆ ಅನುಭವಿಸಿದ ಜನ, ನಾವೇನು ತಪ್ಪು ಮಾಡಿದೆವು ಎಂದು ಕೇಳದೆ ಇರುತ್ತಾರೆಯೇ?

ಹಾಗಾದರೆ ಮಕ್ಕಳಿಗೆ ಶಾಪದ ಕಥೆ ಸುಳ್ಳು ಎಂದು ಹೇಳಬೇಕೇ?

ಕೇಳಿದವರು ಒಬ್ಬ ಶಿಕ್ಷಕಿ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಮರಳು ಹೇಗೆ ಬಂತು ಎಂದು ಮಗು ಕೇಳಿದರೆ ಹೊಳೆ, ಕಟ್ಟೆ, ಗಾಳಿಯ ವಿಷಯ ಹೇಳಿ, ತಿರುವಿನ ಚಿತ್ರ ಬರೆದು ತೋರಿಸಿ. ಅಲಮೇಲಮ್ಮನ ಕಥೆಯನ್ನೂ ಪೂರ್ತಿ ಹೇಳಿ. ರಾಜ್ಯ ಕೈಬದಲಾದದ್ದನ್ನು ಗೆದ್ದವರು ಒಂದು ರೀತಿ ಬರೆಸಿದರು. ತಿರುಮಲರಾಯ ತಾನಾಗಿ ಒಪ್ಪಿಸಿದನೋ, ರಾಜ ಒಡೆಯರು ಕಿತ್ತುಕೊಂಡರೋ ಎಂಬುದರಲ್ಲಿ ಇತಿಹಾಸಕಾರರಿಗೇ ಒಮ್ಮತವಿಲ್ಲ. ಗಂಡ, ಅಧಿಕಾರ, ಕೊನೆಗೆ ಮೈಮೇಲಿನ ಒಡವೆ ಎಲ್ಲವನ್ನೂ ಕಳೆದುಕೊಂಡ ಹೆಣ್ಣಿನ ಕಡೆಯ ಮಾತು ಯಾವ ಆಸ್ಥಾನದಲ್ಲೂ ದಾಖಲಾಗುತ್ತಿರಲಿಲ್ಲ. ಜನ ಅದನ್ನು ಮರಳು, ಮಡು, ಮಕ್ಕಳು ಎಂದು ಮ-ಕಾರದ ಪ್ರಾಸದಲ್ಲಿ ಕಟ್ಟಿ, ಮರೆಯಲಾಗದಂತೆ ಮಾಡಿ ನಾನೂರು ವರ್ಷ ಕಾಪಾಡಿದ್ದಾರೆ. ಗೆದ್ದವರ ಅರಮನೆಯೇ ಅವಳಿಗೆ ಪೂಜೆ ಮಾಡುತ್ತಿದೆ. ಇಷ್ಟನ್ನೂ ಹೇಳಿದ ಮೇಲೆ 'ಸುಳ್ಳು' ಎಂಬ ಪದವನ್ನು ಸೇರಿಸುವ ಅಗತ್ಯ ಮೇಷ್ಟರಿಗೂ ಬರುವುದಿಲ್ಲ, ಮಗುವಿಗೂ ಬರುವುದಿಲ್ಲ.

ಮರಳಿನಡಿ ಮೂವತ್ತಕ್ಕೂ ಹೆಚ್ಚು ಗುಡಿಗಳಿವೆ ಎನ್ನುತ್ತಾರೆ. ಎಲ್ಲವನ್ನೂ ಅಗೆದು ತೆಗೆಯಬಾರದೇಕೆ?

ಮೂವತ್ತು ಎಂಬ ಸಂಖ್ಯೆ ಊರಿನವರ ಬಾಯಿಂದ ಗೆಜೆಟಿಯರ್‌ಗೂ ಹೋದದ್ದು. ಅಗೆಯುವ ಆಸೆ ನನಗೂ ಇದೆ. ಆದರೆ ಮರಳನ್ನು ಅಗೆಯುವುದು ಮಣ್ಣನ್ನು ಅಗೆದಂತಲ್ಲ. ಒಂದು ಗುದ್ದಲಿ ತೆಗೆದರೆ ಪಕ್ಕದಿಂದ ಎರಡು ಗುದ್ದಲಿ ಜಾರುತ್ತದೆ. ಹಿಂದೆ ಪ್ರತಿ ಪಂಚಲಿಂಗ ದರ್ಶನಕ್ಕೂ ಗುಡಿಗಳ ಸುತ್ತ ಮರಳು ಎತ್ತಿಸಬೇಕಾಗುತ್ತಿತ್ತು. ಈಗ ಸುತ್ತ ತಡೆಗೋಡೆ, ಮೆಟ್ಟಿಲು ಕಟ್ಟಿರುವುದರಿಂದ ವರ್ಷವಿಡೀ ಬಾಗಿಲು ತೆರೆದಿದೆ. ಕೀರ್ತಿನಾರಾಯಣ ಗುಡಿಯನ್ನು ಪುರಾತತ್ತ್ವ ಸರ್ವೇಕ್ಷಣೆಯವರು ಕಲ್ಲು ಕಲ್ಲು ಬಿಚ್ಚಿ ಮತ್ತೆ ಜೋಡಿಸಬೇಕಾಯಿತು. ಒಂದು ಗುಡಿಗೆ ಎಷ್ಟು ವರ್ಷ, ಎಷ್ಟು ಹಣ, ಎಷ್ಟು ತಾಳ್ಮೆ ಬೇಕೆಂದು ಅಲ್ಲಿ ನಿಂತರೆ ತಿಳಿಯುತ್ತದೆ.

ಇನ್ನೊಂದು ತೊಡಕು ಮರಗಳದ್ದು. ದಿಬ್ಬಗಳು ಊರಿನತ್ತ ಸರಿಯದಂತೆ ಹಿಡಿದಿಟ್ಟಿರುವುದು ಅಲ್ಲಿ ನೆಟ್ಟಿರುವ ಸರ್ವೆ, ನೀಲಗಿರಿ ಮರಗಳ ಬೇರು. ಗುಡಿಗಾಗಿ ಮರ ಕಡಿದರೆ ಮರಳು ಮತ್ತೆ ಊರಿನ ಹೆಂಚಿನ ಮೇಲೆ ಬಂದು ಕೂರುತ್ತದೆ. ಕಲ್ಲಿನ ಗುಡಿ ಮರಳಿನಡಿ ಇನ್ನೂ ನೂರು ವರ್ಷ ಕೆಡದೆ ಕಾಯಬಲ್ಲದು, ಹೆಂಚಿನ ಮನೆ ಕಾಯಲಾರದು. ಹೋದಾಗ ದಿಬ್ಬದ ಅಂಚಿನ ಎಳೆಯ ಗಿಡಗಳನ್ನು ತುಳಿಯಬೇಡಿ, ದಾರಿ ಬಿಟ್ಟು ಇಳಿಜಾರಿನಲ್ಲಿ ಜಾರಾಡಬೇಡಿ.